ಅರ್ಧ ಗಂಟೆ ಕೂರಬೇಕಾದ ಸೀಟು

ನಮ್ಮ ದೊಡ್ಡ ಬೈಕಿನ ಸೀಟು ಹಲಗೆಯಂತಾಗಿತ್ತು. ಅದರ ಮೇಲೆ ನಾನೂ ನನ್ನ ಹೆಂಡತಿಯೂ ಇಪ್ಪತ್ತಾರು ವರ್ಷ ಊರೂರು ಸುತ್ತಿದ್ದೆವು. ಅವಳ ಸೊಂಟದ ಮೂಳೆಗೆ ರೋಗ ಇಳಿದ ಮೇಲೆ ಒಂದೇ ಆಸೆ ಉಳಿದಿತ್ತು: ಸಮುದ್ರದ ಊರಿನಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಿಬರಬೇಕು. ಬಾಡಿಗೆ ಕಾರು ಮಾಡುತ್ತೇನೆ ಎಂದೆ.

"ಮೂಟೆ ಥರ ನನ್ನನ್ನ ಸಾಗಿಸ್ಬೇಡಿ. ಅಕ್ಕನ ಬಾಗಿಲಲ್ಲಿ ಬೈಕಿಂದಾನೇ ಇಳೀತೀನಿ," ಎಂದಳು.

ಸೀಟು ಕಟ್ಟುವವನಿಗೆ ಪೇಟೆಯಲ್ಲಿ ಗಡಿಯಾರದ ಮೇಷ್ಟ್ರು ಎಂಬ ಅಡ್ಡಹೆಸರು. ಹೊದಿಕೆ ಹೊಲಿಯುವ ಮೊದಲು ಬರಿಯ ಸ್ಪಂಜಿನ ಮೇಲೆ ಗಿರಾಕಿಯನ್ನು ಅರ್ಧ ಗಂಟೆ ಕೂರಿಸುವುದು ಅವನ ಪದ್ಧತಿ.

"ಐದು ನಿಮಿಷಕ್ಕೆ ಎಲ್ಲ ಸೀಟೂ ಮೆತ್ತಗೇ ಯಜಮಾನ್ರೇ. ನೋವು ಎಲ್ಲಿ ಅಂತ ಹೇಳಿದ್ರೆ ಅಲ್ಲಿ ಕೆತ್ತಿ ತೆಗೀತೀನಿ."

ಮೆತ್ತನೆಯ ಸ್ಪಂಜಿನಿಂದ ಅವಳು ಎಂಟು ನಿಮಿಷಕ್ಕೆ ಎದ್ದಳು. ಜೆಲ್ ತುಂಬಿದ ಸ್ಪಂಜಿನಿಂದ ಹನ್ನೊಂದಕ್ಕೆ. ಅವನು ಕತ್ತರಿ ಕೆಳಗಿಟ್ಟ.

"ಗುರುವಾರ ಗಟ್ಟಿ ಸ್ಪಂಜು ನೋಡೋಣ ಅಮ್ಮ. ಅದರಲ್ಲೂ ಆಗ್ಲಿಲ್ಲ ಅಂದ್ರೆ ನಾನು ಹೊಲಿಯಲ್ಲ. ನಿಮ್ಮ ಪಾಪ ನನಗೆ ಬೇಡ."

ಗುರುವಾರ ಬೆಳಿಗ್ಗೆ ನಾನು ದೇವರ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಅಂಗಡಿಯಲ್ಲಿ ಅವಳು ನೆಟ್ಟಗೆ ಕುಳಿತಳು. ಇಪ್ಪತ್ತು ನಿಮಿಷ ದಾಟಿತು.

"ಮೇಷ್ಟ್ರೇ, ನಿಮ್ಮ ಗಡಿಯಾರಕ್ಕೇ ಸೊಂಟ ಹಿಡಿದಿದೆ, ಮುಂದಕ್ಕೆ ಹೋಗ್ತಾನೇ ಇಲ್ಲ."

"ಎಲ್ಲಾದ್ರೂ ನೋವಿದ್ಯಾ ಅಮ್ಮ?"

"ಎಲ್ಲೂ ಇಲ್ಲಪ್ಪ."

ಅರ್ಧ ಗಂಟೆ ತುಂಬಿತು. ಅವನು ಎಲ್ಲಿಯೂ ಕೆತ್ತಲಿಲ್ಲ. ಇದ್ದ ಹಾಗೆಯೇ ಹೊಲಿದುಕೊಟ್ಟ. ದೇವರು ನನ್ನ ಮೊರೆ ಕೇಳಿದನೆಂದು ನಂಬಿದೆ.

ಹೊರಟ ಎರಡನೆಯ ಗಂಟೆಯಲ್ಲಿ ನನ್ನ ಸೊಂಟ ಹಿಡಿದಿದ್ದ ಅವಳ ಕೈ ಬಿಗಿಯಿತು. ಗಾಡಿ ನಿಲ್ಲಿಸಿದೆ. ಅವಳಿಗೆ ಇಳಿಯಲು ಆಗಲಿಲ್ಲ.

"ಬಯ್ಯಬೇಡಿ. ಆವತ್ತು ಅಂಗಡಿಗೆ ಇಡೀ ದಿನದ ನೋವಿನ ಮಾತ್ರೆ ಒಟ್ಟಿಗೇ ನುಂಗಿ ಬಂದಿದ್ದೆ. ಇಲ್ದಿದ್ರೆ ಅವನು ಹೊಲೀತಿದ್ನಾ? ಇವತ್ತೂ ನುಂಗಿದೀನಿ. ಅದು ಇಳಿದುಹೋಯ್ತು ರೀ."

ತರಕಾರಿಯ ವ್ಯಾನೊಂದು ನಿಂತಿತು. ಈರುಳ್ಳಿ ಮೂಟೆಗಳ ನಡುವೆ ಅವಳನ್ನು ಮಲಗಿಸಿ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವಳು ಕಣ್ಣು ತೆರೆಯಲಿಲ್ಲ. ಹತ್ತೊಂಬತ್ತನೆಯ ದಿನ ತೀರಿಕೊಂಡಳು.

ಅಕ್ಕನಿಗೆ ಯಾರೂ ತಿಳಿಸಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ, "ಹೊರಟ್ರಾ ಇಬ್ರೂ?" ಎಂದು ಕೇಳುತ್ತಾರೆ. ಸೀಟು ಇನ್ನೂ ಸರಿಯಾಗಿಲ್ಲ ಎನ್ನುತ್ತೇನೆ.

ಪ್ರಾರ್ಥನೆಗೆ ಕುಳಿತರೆ ಈಗ ಮಾತು ಹೊರಡುವುದಿಲ್ಲ. ನಿನ್ನೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶೆಡ್ಡಿಗೆ ಹೋಗಿ, ಬೈಕಿನ ಮೇಲೆ ಹಿಂದೆ, ಅವಳ ಜಾಗದಲ್ಲಿ ಕುಳಿತೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕುಳಿತವನೇ ಅಲ್ಲ. ಗಡಿಯಾರ ನೋಡುತ್ತಿದ್ದೆ. ಹನ್ನೆರಡನೆಯ ನಿಮಿಷಕ್ಕೆ ಎಡಗಡೆಯ ಮೂಳೆಗೆ ಏನೋ ಒತ್ತತೊಡಗಿತು. ರೋಗವಿಲ್ಲದ ನನ್ನ ಮೂಳೆಗೆ. ಆ ಜಾಗದಲ್ಲಿ ಮೇಷ್ಟ್ರು ಅಂಗೈಯಗಲ ಕೆತ್ತಿದ್ದರೆ ಸಾಕಿತ್ತು.

ಇನ್ನೂ ಹದಿನೆಂಟು ನಿಮಿಷ ಉಳಿದಿತ್ತು. ಇಳಿಯದೆ ಕುಳಿತೆ.