ಕ್ಯಾಂಟೀನ್ ಮೇಲೆ ಬೆಳೆದ ಕಡಲಹುಲ್ಲು

ಗಂಡ ಬಂದರು ಕಚೇರಿಯಲ್ಲಿ ಹಡಗುಗಳು ಓಡಾಡುವ, ನಿಲ್ಲುವ ಜಾಗಗಳ ನಕ್ಷೆ ತಯಾರಿಸುತ್ತಿದ್ದ. ಹೆಂಡತಿ ಮೀನುಗಾರಿಕೆ ಇಲಾಖೆಯಲ್ಲಿ, ಮೀನುಗಳು ಮೊಟ್ಟೆಯಿಡುವ ಕಡಲಹುಲ್ಲಿನ ನಕ್ಷೆ ತಯಾರಿಸುತ್ತಿದ್ದಳು. ಕೊಲ್ಲಿ ಒಂದೇ. ಆದರೂ ಒಬ್ಬರ ನಕ್ಷೆಯನ್ನು ಇನ್ನೊಬ್ಬರಿಗೆ ತೋರಿಸಬಾರದೆಂದು ಮೇಲಿನವರ ಆದೇಶವಿತ್ತು. ಊಟಕ್ಕೆ ಕೂತಾಗಲೂ ಕೆಲಸದ ವಿಷಯಕ್ಕೆ ಇಬ್ಬರ ಬಾಯಿಗೂ ಬೀಗ.

“ಒಂದೇ ಮನೇಲಿದ್ದೀರಿ, ಸಮುದ್ರ ಮಾತ್ರ ಪಾಲಾಗಿದ್ಯಾ?” ಎಂದು ಅವಳ ಅತ್ತೆ ಕಾಲೆಳೆಯುತ್ತಿದ್ದರು.

ಕೊನೆಗೆ ಎಲ್ಲ ಇಲಾಖೆಗಳ ಕಡಲ ಮಾಹಿತಿಯನ್ನೂ ಒಂದೆಡೆ ಸೇರಿಸಬೇಕೆಂದು ಸರ್ಕಾರದಲ್ಲಿ ತೀರ್ಮಾನವಾಯಿತು. ಆ ಕೆಲಸ ಇವರಿಬ್ಬರ ತಲೆಗೇ ಬಂತು. ಬಂದರು ಕಚೇರಿಯ ಮಹಡಿಯಲ್ಲಿ ಮೇಜು ಜೋಡಿಸಿಕೊಂಡು ಕೂತರು. ಹೆಂಡತಿ ಕಂಪ್ಯೂಟರಿನಲ್ಲಿ ತನ್ನ ನಕ್ಷೆಯನ್ನು ಗಂಡನ ನಕ್ಷೆಯ ಮೇಲೆ ಹರವಿದಳು. ಪರದೆ ನೋಡಿದ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಿನ್ನ ಹುಲ್ಲು ನಮ್ಮ ಕ್ಯಾಂಟೀನ್ ಮೇಲೆ ಬೆಳೆದಿದೆ ಕಣೇ!”

“ನಿಮ್ಮ ಕ್ಯಾಂಟೀನೇ ನೀರಲ್ಲಿರ್ಬೇಕು ರೀ. ಅಲ್ಲಿನ ಟೀ ಕುಡಿದ್ರೇ ಗೊತ್ತಾಗುತ್ತೆ.”

ಎರಡು ಕಚೇರಿಗಳೂ ಅಕ್ಷಾಂಶ, ರೇಖಾಂಶ ಎಣಿಸುತ್ತಿದ್ದ ಪದ್ಧತಿ ಬೇರೆ ಬೇರೆಯಾಗಿತ್ತು, ಅಷ್ಟೇ. ಎರಡರಲ್ಲೂ ಇದ್ದ ದೀಪಸ್ತಂಭವನ್ನು, ಅಲೆತಡೆ ಗೋಡೆಯ ತುದಿಯನ್ನು ತಾಳೆಹಾಕಿ ಲೆಕ್ಕ ಸರಿಪಡಿಸಿದರು. ಹುಲ್ಲಿನ ಹಸಿರು ಪಟ್ಟೆ ಕ್ಯಾಂಟೀನಿನಿಂದ ಜಾರಿ, ರಸ್ತೆ ದಾಟಿ, ನೀರಿಗಿಳಿಯಿತು. ಇಬ್ಬರೂ ಚಪ್ಪಾಳೆ ತಟ್ಟಿದರು.

ಮರುಕ್ಷಣವೇ ಹೆಂಡತಿಯ ಮುಖ ಸಪ್ಪಗಾಯಿತು. ಹುಲ್ಲು ಹೋಗಿ ಕೂತದ್ದು ಹಡಗುಗಳು ಲಂಗರು ಹಾಕಿ ಕಾಯುವ ಜಾಗದಲ್ಲೇ.

“ಹುಲ್ಲು ಬೇರುಸಮೇತ ಕಿತ್ತುಬಂದು ತೇಲ್ತಿತ್ತಲ್ಲ, ನಾವು ಬಿರುಗಾಳಿಗೆ ಬೈತಿದ್ವಿ. ಇದು ಲಂಗರಿನ ಕೆಲಸ!”

ಗಂಡ ಸಮುದ್ರದಡಿ ಕೇಬಲ್ ಹಾಕುವವರು ಕೊಟ್ಟಿದ್ದ ನಕ್ಷೆಯನ್ನೂ ತೆರೆದ. ಸ್ವಲ್ಪ ದಕ್ಷಿಣಕ್ಕೆ ತಳದಲ್ಲಿ ಬರೀ ಮರಳು. ಆಳ ಸಾಕಷ್ಟಿತ್ತು, ಕೇಬಲ್ಲೂ ದೂರವಿತ್ತು.

“ಹಡಗುಗಳನ್ನ ಇಲ್ಲಿ ನಿಲ್ಲಿಸಿದ್ರೆ?”

ಅವಳು ಅವನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಬಂದರಿನ ಮುಖ್ಯಸ್ಥರನ್ನು ಕರೆತಂದು ತೋರಿಸಿದರು. “ಇದನ್ನ ಮೊದಲೇ ಯಾಕ್ರೀ ಹೇಳ್ಲಿಲ್ಲ?” ಎಂದು ಅವರು ಗದರಿದರು.

“ಯಾರಿಗೂ ಏನೂ ತೋರಿಸ್ಬೇಡಿ ಅಂತ ಆದೇಶ ಕೊಟ್ಟಿದ್ದು ತಾವೇ, ಸಾರ್,” ಎಂದ ಗಂಡ.

ಮುಖ್ಯಸ್ಥರು ಕೆಮ್ಮಿದರು, ಕನ್ನಡಕ ಒರೆಸಿಕೊಂಡರು, ಆಮೇಲೆ ತಾವೂ ನಕ್ಕುಬಿಟ್ಟರು. ಆ ವಾರವೇ ಲಂಗರಿನ ಜಾಗ ಬದಲಾಯಿತು.

ಮುಂದಿನ ವರ್ಷ ಹುಲ್ಲು ಹೇಗಿದೆಯೆಂದು ನೋಡಲು ಹೆಂಡತಿ ನೀರಿಗಿಳಿದಳು. ದೋಣಿಯಲ್ಲಿ ಗಂಡ, ಜೊತೆಗೆ ಹಟ ಮಾಡಿ ಬಂದಿದ್ದ ಅತ್ತೆ. ಬಹಳ ಹೊತ್ತಿನ ಮೇಲೆ ಅವಳು ತಲೆಯೆತ್ತಿ, ನೀರೊಳಗೆ ನೋಡಲು ತೊಟ್ಟಿದ್ದ ಗಾಜಿನ ಮುಖವಾಡ ಕಿತ್ತು ಕೂಗಿದಳು: “ಲಂಗರು ಎಳೆದಿದ್ದ ಗುರುತೆಲ್ಲಾ ಮುಚ್ಚಿಹೋಗಿದೆ! ಎಲ್ನೋಡಿದ್ರೂ ಮರಿಮೀನು!”

“ಕೊಡೇ ಅದನ್ನ,” ಎಂದರು ಅತ್ತೆ. ಮಗನಿಗೆ ತಮ್ಮ ಸೊಂಟ ಹಿಡಿದುಕೊಳ್ಳಲು ಹೇಳಿ, ಮುಖವಾಡ ತೊಟ್ಟು, ದೋಣಿಯಂಚಿನಿಂದ ಬಾಗಿ, ನೀರಿನೊಳಗೆ ಮುಖ ಅದ್ದಿದರು.