ಬೇರಿನ ಅಳತೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರೆಲ್ಲ ಹೇಳುತ್ತಾರೆ. ಹೇಳಲಿ. ಲುರಿಸ್ತಾನದ ಈ ಬೋಳು ಗುಡ್ಡದಲ್ಲಿ ಓಕ್ ಬಿತ್ತಲು ಹೊರಟವರು ಸಮಾಧಾನದ ಹೆಂಗಸರಲ್ಲ. ನಾನು, ಗೋಲಂದಾಮ್.

ಗುಡ್ಡವನ್ನು ಬೋಳು ಮಾಡಿದ್ದೂ ನಾನೇ. ಯುದ್ಧದ ವರ್ಷಗಳಲ್ಲಿ ಸೀಮೆಎಣ್ಣೆ ಸಿಗದೆ ಊರು ಚಳಿಗೆ ನಡುಗುತ್ತಿದ್ದಾಗ, ನಾನೂ ನನ್ನ ಗಂಡನೂ ಅಲ್ಲಿನ ಓಕ್ ಮರಗಳನ್ನು ಒಂದೊಂದಾಗಿ ಕಡಿದು ಇದ್ದಿಲು ಸುಟ್ಟೆವು. ನಮ್ಮಜ್ಜಿ ಯಾವ ಮರದ ಕಾಯಿ ಆರಿಸಿ ತಂದು ರೊಟ್ಟಿ ತಟ್ಟುತ್ತಿದ್ದಳೋ ಅದನ್ನೂ ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ನಾಚಿಕೆಯನ್ನು ಹೊರುವವಳು ನಾನೊಬ್ಬಳೇ ಆದೆ.

ಗುಡ್ಡದಲ್ಲಿ ಅರ್ಧ ಪಾಲು ನನ್ನ ಮೈದುನ ಖೋದಾಕರಮನದು. ಅಲ್ಲಿ ಮೇಯುತ್ತಿದ್ದವು ಅವನ ಅರವತ್ತು ಆಡು. ಮೂರು ವರ್ಷ ಆಡು ಬಿಡಬೇಡ ಎಂದು ಕೇಳಿದೆ. ಹಿರಿಯರ ಮುಂದೆ ಒಪ್ಪಿಕೊಂಡ.

"ಮೂರು ವರ್ಷ ಆದ್ಮೇಲೆ, ಕಾಯಿ ಉದುರೋ ಹೊತ್ತಿಗೆ ಬರ್ತೀನಿ ಅತ್ತಿಗೆ. ಜೀವ ಇರೋ ನೂರು ಸಸಿ ತೋರಿಸ್ಬೇಕು. ಇಲ್ದಿದ್ರೆ ಆಡು ಒಳಗೆ, ನೀವು ಹೊರಗೆ."

ಮೊದಲ ವರ್ಷವನ್ನು ಕೈಯಾರೆ ಹಾಳು ಮಾಡಿಕೊಂಡೆ. ಬುದ್ಧಿ ಬಂದಾಗಿನಿಂದ ರೊಟ್ಟಿ ಮಾಡಿದ ಕೈ. ಓಕ್ ಕಾಯಿ ಕಂಡರೆ ಒಲೆ ಮೇಲಿನ ಅಟ್ಟಕ್ಕೇರಿಸಿ ಹೊಗೆಯಲ್ಲಿ ಒಣಗಿಸುವುದೇ ರೂಢಿ. ಹಾಗೆ ಒಣಗಿಸಿದ್ದನ್ನೇ ಒಂದು ಮೂಟೆ ಬಿತ್ತಿದೆ. ಒಂದೂ ಹುಟ್ಟಲಿಲ್ಲ.

"ಹಿಟ್ಟನ್ನೇ ಬಿತ್ತಿದ್ರೆ ರೊಟ್ಟಿನಾದ್ರೂ ಬೆಳೀತಿತ್ತಲ್ಲ!" ಎಂದು ಖೋದಾಕರಮ್ ಚಹಾ ಹೀರುತ್ತ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಮರುವರ್ಷ ಪಕ್ಕದ ಕಣಿವೆಯಿಂದ ಹಸಿ ಕಾಯಿ ತಂದು ನೀರಿಗೆ ಹಾಕಿದೆ. ತೇಲಿದ್ದನ್ನು ಒಲೆಗೆ ಎಸೆದು, ಮುಳುಗಿದ್ದನ್ನು ಅಂದೇ ಬಿತ್ತಿದೆ. ಕಲ್ಲಿನ ನೆರಳು ಬೀಳುವ ಕಡೆ, ಎರಡು ಬೆರಳು ಆಳಕ್ಕೆ, ಮೇಲೆ ಹಂದಿ ಕೆದಕದಂತೆ ಮುಳ್ಳು. ವಸಂತದಲ್ಲಿ ಮುನ್ನೂರು ತಲೆ ಎತ್ತಿದವು. ಬೊಗಸೆ ಮಣ್ಣಿಲ್ಲದ ಸುಣ್ಣಗಲ್ಲಿನ ಸಂದಿಯಲ್ಲಿ! ಆದರೆ ಒಂದು ಗೇಣು ಬೆಳೆದು ನಿಂತುಬಿಟ್ಟವು. ಮೂರನೇ ಬೇಸಿಗೆಯಲ್ಲಿ ಐದು ತಿಂಗಳು ಒಂದು ಹನಿ ಬೀಳಲಿಲ್ಲ. ಎಲೆ ಸುಟ್ಟುಹೋದವು, ಕಡ್ಡಿ ಒಣಗಿದವು. ಖೋದಾಕರಮ್ ಬಂದ ದಿನ ಹಸಿರಾಗಿದ್ದವು ನಲವತ್ತೂ ಇರಲಿಲ್ಲ. ಅವನ ಹಿಂದೆಯೇ ಅರವತ್ತು ಆಡು ಬಂದು ನಿಂತಿದ್ದವು.

"ಇದೇನತ್ತಿಗೆ, ಪೊರಕೆ ಕಡ್ಡಿ ನೆಟ್ಟಿದ್ದೀರಾ?"

ಅಳು ಬಂತು. ಅದನ್ನು ಕೋಪ ಮಾಡಿಕೊಂಡೆ. "ಬಾಯಿ ಮುಚ್ಕೊಂಡು ಒಂದು ಆರಿಸ್ಕೋ. ನಿನ್ನ ಕಣ್ಣಿಗೆ ಎಲ್ಲಕ್ಕಿಂತ ಸತ್ತಂಗೆ ಕಾಣೋದನ್ನೇ. ಅಗಿ. ಸತ್ತಿದ್ರೆ ಮುಳ್ಳೆಲ್ಲ ನಾನೇ ಕಿತ್ತು ಹಾಕ್ತೀನಿ, ಆಡು ಬಿಟ್ಕೋ."

ನಿಜ ಹೇಳಬೇಕೆಂದರೆ, ನೆಲದೊಳಗೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ.

ಅವನು ಆರಿಸಿದ್ದು ಮುಟ್ಟಿದರೆ ಚಟ್ಟೆಂದು ಮುರಿದುಹೋಯಿತು. ಗುದ್ದಲಿ ಹಾಕಿದ. ಒಂದು ಗೇಣು ಇಳಿಯುವಷ್ಟರಲ್ಲಿ ಹೆಬ್ಬೆರಳು ಗಾತ್ರದ ಬೇರು ಕಂಡಿತು. ಉಗುರಿನಿಂದ ಕೆರೆದ. ಒಳಗೆ ಬೆಳ್ಳಗೆ, ಒದ್ದೆ.

"ಹಸಿ ಇದೆಯಲ್ಲ," ಎಂದ, ತನಗೆ ತಾನೇ.

ಮತ್ತೆ ಅಗೆದ. ಗುಂಡಿ ಮೊಣಕೈ ಆಳಕ್ಕೆ ಇಳಿಯಿತು. ಬೇರು ಬಂಡೆಯ ಬಿರುಕಿಗೆ ನುಗ್ಗಿತ್ತು. ಟೋಪಿ ತೆಗೆದಿಟ್ಟು, ಹೊಟ್ಟೆ ಮೇಲೆ ಮಲಗಿ, ಭುಜದವರೆಗೆ ಕೈ ತೂರಿಸಿದ.

"ಅತ್ತಿಗೆ, ಕೊನೆ ಸಿಗ್ತಿಲ್ಲ."

"ಸಿಗಲ್ಲ ಕಣೋ. ನಿನ್ನ ಕೈ ಮೋಟು."

ಎದ್ದು ಕೂತ. ಗಡ್ಡದ ತುಂಬ ಧೂಳು. ತಮಾಷೆ ಮಾಡಲಿಲ್ಲ. ತೆಗೆದ ಮಣ್ಣನ್ನು ಎರಡೂ ಕೈಯಿಂದ ತುಂಬಿ, ಅದುಮಿ, ಮೇಲೆ ಸುರಿಯಲು ತನ್ನ ನೀರಿನ ಬಾಟಲಿ ಬಿಚ್ಚಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಬೇಡ. ಸೋಮಾರಿ ಮಾಡ್ಬೇಡ ಅದನ್ನ. ತನ್ನ ನೀರು ತಾನೇ ಹುಡುಕ್ಕೊಂಡಿದೆ."

ಖೋದಾಕರಮ್ ಆ ನೀರನ್ನು ತಾನೇ ಕುಡಿದು, ಸಿಳ್ಳೆ ಹಾಕಿ ಆಡುಗಳನ್ನು ತಿರುಗಿಸಿಕೊಂಡು ಇಳಿದ. ಗುಡ್ಡದ ಬುಡದಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು. ಯಾಕೆ ಮೇಯಿಸದೆ ವಾಪಸು ತಂದೆ ಎಂದು ಕೂಗಿ ಕೇಳಿದಳು.

ಆ ಬೋಳು ಗುಡ್ಡದ ಕಡೆ ಕೈ ತೋರಿಸಿ ಅವನು ಹೇಳಿದ್ದು ಮೇಲಿದ್ದ ನನಗೂ ಕೇಳಿಸಿತು.

"ಅಲ್ಲಿ ಬಿಡೋ ಹಾಗಿಲ್ಲ ಕಣೇ. ಕಾಡಿದೆ."