ಮೂಗಣ್ಣನ ಸಲೂನು

"ಓರೆ ಮಾಡು, ಓರೆ ಮಾಡು! ಅಯ್ಯೋ, ಗೋಡೆಗೆ ತಾಗ್ತಿದೆ!" ಎಂದು ಸೋದರತ್ತೆ ಒಳಗಿನಿಂದಲೇ ಕೂಗುತ್ತಿದ್ದಳು. ಬೆಂಚು ಹಿಂದಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಂದು ತುದಿ ಮಗಳ ಕೈಯಲ್ಲಿ, ಇನ್ನೊಂದು ಪಕ್ಕದ ಮನೆಯವನ ಕೈಯಲ್ಲಿ. ಇಷ್ಟು ವರ್ಷ ಹಿತ್ತಲಲ್ಲಿ ಹೂಕುಂಡಗಳನ್ನು ಹೊತ್ತುಕೊಂಡು ಬಿದ್ದಿದ್ದ ಬೆಂಚಿಗೆ ಇವತ್ತು ಮನೆಯೊಳಗೆ ಬರುವ ಯೋಗ ಬಂದಿತ್ತು. ಬಂದವರಿಗೆ ಕುರ್ಚಿ ಸಾಲುತ್ತಿರಲಿಲ್ಲ.

ಬಂದವರು ಯಾರೆಂಬುದು ಮನೆಯವರಿಗೇ ಗೊತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ಅತ್ತೆ ತಿಳಿಸಿದ್ದು ನಾಲ್ಕೈದು ನೆಂಟರಿಗೆ. ಮಗಳು ಸಲೂನಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಬಂದಿದ್ದಳು, ಅಷ್ಟೇ. ಬೆಳಗಿನಿಂದ ಗಂಡಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಮಂಚದ ಮೇಲೆ ಬಿಳಿ ಹೊದಿಕೆಯಡಿ ಮಲಗಿದ್ದ ಅಪ್ಪನನ್ನು ನೋಡಿ, ಗೋಡೆಗೆ ಒರಗಿ ನಿಂತುಬಿಡುತ್ತಿದ್ದರು. ಅತ್ತರೆ ಸಮಾಧಾನ ಮಾಡಬಹುದು, ಮಾತಾಡಿದರೆ ಉತ್ತರ ಕೊಡಬಹುದು. ಇವರು ಎರಡೂ ಮಾಡಲಿಲ್ಲ.

"ಯಾರೇ ಇವರೆಲ್ಲ?" ಅತ್ತೆ ಪಿಸುಗುಟ್ಟಿದಳು. ಅತ್ತೆಯ ಪಿಸುಮಾತು ಬೀದಿಯ ತನಕ ಕೇಳುತ್ತದೆ.

"ಅಪ್ಪನ ಗಿರಾಕಿಗಳು ಇರಬೇಕು."

"ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಜಗಳ ಗಿಗಳ ಏನಾದ್ರೂ ಇದೆಯಾ?"

ಜಗಳವಾಡಲು ಪರಿಚಯವಾದರೂ ಇರಬೇಕಲ್ಲ. ಅಪ್ಪನ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಒಬ್ಬರು ಒಳಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಇನ್ನೊಬ್ಬರು ಬಂದರೆ ಬೀದಿಯಲ್ಲಿ ಒಂದು ಸುತ್ತು ಹಾಕಿಕೊಂಡು ಆಮೇಲೆ ಬರಬೇಕಿತ್ತು.

"ಬನ್ನಿ, ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ," ಎಂದಳು ಮಗಳು.

ಕಿಟಕಿಯ ಬಳಿ ನಿಂತಿದ್ದ ಬಸ್ ಡ್ರೈವರ್ ಆ ದನಿಗೆ ಥಟ್ಟನೆ ತಿರುಗಿ ಅವಳನ್ನೇ ನೋಡಿದ. ಏನೋ ಕೇಳಲು ಹೋಗಿ ಸುಮ್ಮನಾದ. ಒಂದೇ ಕುರ್ಚಿಗೆ ತಲೆ ಕೊಟ್ಟವರು ಮೊದಲ ಸಲ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಬೆಂಚು ಕಿರ್ರೆಂದಿತು. ಅದನ್ನು ನೋಡಲಾರದೆ ಮಗಳು ಅಪ್ಪನ ಮುಖ ನೋಡಿದಳು.

ಆಸ್ಪತ್ರೆಯ ಗಡ್ಡ ಬೆಳೆದಿತ್ತು. ಬೆಳ್ಳಗೆ, ಒರಟಾಗಿ, ಯಾರದೋ ಮುಖದ ಹಾಗೆ.

"ಜೀವಮಾನವೆಲ್ಲ ಊರವರ ಗಡ್ಡ ತೆಗೆದೋನು, ಇವನೇ ಹಿಂಗೆ ಹೋಗೋದಾ?" ಅತ್ತೆ ಕಣ್ಣೊರೆಸಿಕೊಂಡಳು. "ಮೂಲೆಯ ಸಲೂನಿನವನನ್ನ ಕರೆದೆ ಕಣೇ. ಹೆಣಕ್ಕೆ ಮಾಡಲ್ಲ ಅಂದ."

*

ಅಪ್ಪನಿಗೆ ಮಾತು ಬರುತ್ತಿರಲಿಲ್ಲ ಎಂದರೂ ನಾಲಗೆಯೇನೋ ಸರಿಯಾಗಿಯೇ ಇತ್ತು, ಕಿವಿಯೂ ಚುರುಕು. ಆಡುವ ಮನಸ್ಸು ಮಾತ್ರ ಹುಟ್ಟಿನಿಂದಲೇ ಇರಲಿಲ್ಲ. ಅಮ್ಮ ಇರುವವರೆಗೆ ಮನೆಯ ಮಾತಿನ ಖಾತೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. "ಊಟ ಚೆನ್ನಾಗಿತ್ತಂತೆ ನಿಮ್ಮಪ್ಪನಿಗೆ" ಎಂದು ತಟ್ಟೆ ಎತ್ತುತ್ತಾ ಅವನ ಪರವಾಗಿ ಹೇಳುತ್ತಿದ್ದಳು. ಅವಳು ಹೋದ ಮೇಲೆ ಆ ಖಾತೆಗೆ ದಿಕ್ಕಿಲ್ಲದಂತಾಯಿತು.

ಮೊದಲು ಅಪ್ಪ ಪೇಟೆಯ ದೊಡ್ಡ ಸಲೂನಿನಲ್ಲಿ ಕೆಲಸಕ್ಕಿದ್ದ. ಕೈ ಬಹಳ ಚೆನ್ನಾಗಿತ್ತು. ಆದರೆ ಅಲ್ಲಿಯ ಯಜಮಾನನಿಗೆ ಕತ್ತರಿಗಿಂತ ನಾಲಗೆ ಜೋರಾಗಿ ಓಡಬೇಕಿತ್ತು. 'ಏನ್ ಸಾರ್, ನೆತ್ತಿ ಬೋಳಾಗ್ತಿದೆ' ಎಂದು ಗಿರಾಕಿಯನ್ನು ಹೆದರಿಸಿ ಎಣ್ಣೆ ಮಾರಬೇಕು. ಅಪ್ಪನಿಂದ ಅದಾಗಲಿಲ್ಲ. "ಬಾಯಿ ಬಿಟ್ಟರೆ ಮುತ್ತು ಉದುರುತ್ತೇನಯ್ಯಾ?" ಎಂದು ಯಜಮಾನ ಎಲ್ಲರೆದುರು ಬೈದ ದಿನ ಕತ್ತರಿ, ಬಾಚಣಿಗೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ. ಮುಂದೇನು ಗತಿ ಎಂದು ಅಮ್ಮ ಗಾಬರಿಯಾದಾಗ ಅವನು ಕೊಟ್ಟ ಉತ್ತರವನ್ನು ಅವಳು ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದಳು.

"ನಂಗೆ ಮಾತು ಬರಲ್ಲ. ಬರದೇ ಇರೋದನ್ನ ಮಾರೋಕಾಗಲ್ಲ. ಇರೋದನ್ನೇ ಇಟ್ಕೊಂಡು ಒಂದು ಅಂಗಡಿ ಮಾಡ್ತೀನಿ."

ಅಷ್ಟು ಉದ್ದದ ಮಾತನ್ನು ಅಪ್ಪ ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ಇದ್ದದ್ದು ಮೌನ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದ. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಕಿಟಕಿ. ಗಿರಾಕಿ ಕೂತರೆ ಕೊರಳ ಸುತ್ತ ಬಟ್ಟೆ ಕಟ್ಟುವುದು, ಆಮೇಲೆ ಕತ್ತರಿಯ ಸದ್ದೊಂದೇ. ಮುಗಿದಾಗ 'ಆಯ್ತು' ಎನ್ನುವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಬಾಚಣಿಗೆಯಿಂದ ಕುರ್ಚಿಯ ಮರದ ಕೈ ಮೇಲೆ ಎರಡು ಸಲ ಬಡಿಯುತ್ತಿದ್ದ: ಟಕ್, ಟಕ್. ಗಿರಾಕಿ ಏಳುತ್ತಿದ್ದ. ಚಿಕ್ಕವಳಿದ್ದಾಗ ಮಗಳೂ ಅಡ್ಡ ಹಲಗೆಯ ಮೇಲೆ ಕೂತು, ಆ ಸದ್ದಾದ ಕೂಡಲೇ ಅಪ್ಪನ ತೋಳಿಗೆ ಧುಮುಕುತ್ತಿದ್ದಳು.

ಜನ ಅದನ್ನು ಮೂಗಣ್ಣನ ಸಲೂನು ಎಂದು ಕರೆದರು. ಅಪ್ಪ ತಿದ್ದಲು ಹೋಗಲಿಲ್ಲ. ತಿದ್ದಬೇಕೆಂದರೆ ಮಾತಾಡಬೇಕಲ್ಲ.

*

"ವ್ಯಾನ್ ಬರೋಕೆ ಇನ್ನೂ ಹೊತ್ತಿದೆ," ಎಂದಳು ಅತ್ತೆ. ಆ ಕೋಣೆಯ ಮೌನ ಅವಳಿಗೆ ಸಹಿಸಲಾಗುತ್ತಿರಲಿಲ್ಲ. "ಯಾರಾದ್ರೂ ನಮ್ಮಣ್ಣನ ಬಗ್ಗೆ ನಾಲ್ಕು ಮಾತಾಡಿ. ಇಷ್ಟು ಜನ ಬಂದಿದ್ದೀರಿ, ಸುಮ್ಮನೆ ಕಳಿಸೋದಾ?"

ಬೆಂಚಿನವರು ತಲೆ ತಗ್ಗಿಸಿದರು. ಕೊನೆಗೆ ಕರಿ ಕೋಟಿನ ವಕೀಲರು ಎದ್ದು ಗಂಟಲು ಸರಿಪಡಿಸಿಕೊಂಡರು.

"ನನಗೆ ಅವರ ಬಗ್ಗೆ ಏನೂ ಗೊತ್ತಿಲ್ಲಮ್ಮ. ಹೆಸರು ಕೂಡ ಬಾಗಿಲ ಮೇಲಿನ ಚೀಟಿ ನೋಡಿ ಗೊತ್ತಾಯ್ತು. ನಾನು ಮಾತಲ್ಲೇ ಹೊಟ್ಟೆ ಹೊರೆಯೋನು. ಬೆಳಗಿಂದ ಸಂಜೆವರೆಗೆ ಒಂದಲ್ಲ ಒಂದನ್ನ ಸಾಬೀತು ಮಾಡ್ತಾನೇ ಇರಬೇಕು. ಅವರ ಕುರ್ಚಿಲಿ ಮಾತ್ರ..." ವಕೀಲರು ನಿಲ್ಲಿಸಿದರು. ಕೋರ್ಟಿನಲ್ಲಿ ಎಂದೂ ಕೈಕೊಡದ ನಾಲಗೆ ಇಲ್ಲಿ ಕೈಕೊಟ್ಟಿತ್ತು. "ನನ್ನ ಹೆಂಡತಿ ತೀರಿಕೊಂಡಾಗ ಅಲ್ಲಿ ಹೋಗಿ ಕೂತಿದ್ದೆ. ಕೂದಲು ಬೆಳೆದೇ ಇರಲಿಲ್ಲ. ಆದ್ರೂ ಅವರು ಬಟ್ಟೆ ಕಟ್ಟಿ ಬಾಚಣಿಗೆ ಆಡಿಸಿದ್ರು. ಯಾಕೆ ಅಂತ ಕೇಳಲಿಲ್ಲ."

ವಕೀಲರು ಕೂತರು. ಅವರ ಪಕ್ಕದಲ್ಲಿದ್ದ ಬೇಕರಿಯವನು ಎದ್ದ. ದಪ್ಪನೆಯ ಮನುಷ್ಯ, ತೋಳಿನ ಮೇಲೆ ಇನ್ನೂ ಹಿಟ್ಟು ಅಂಟಿಕೊಂಡಿತ್ತು.

"ನಾವಿಬ್ಬರೂ ಬೇಕಾದಷ್ಟು ಮಾತಾಡ್ತಿದ್ವಿ," ಎಂದ. ಎಲ್ಲರೂ ಅವನತ್ತ ತಿರುಗಿದರು. "ಎಲ್ಲ ಕೈಸನ್ನೆಲಿ. ವ್ಯಾಪಾರ ಹೇಗಿದೆ, ಮಂಡಿ ನೋವು ಹೇಗಿದೆ, ಎಲ್ಲ. ಪಾಪ, ಬಾಯಿ ಬರದೇ ಇದ್ರೂ ಆ ಮನುಷ್ಯ..."

"ಯಾರಿಗ್ರೀ ಬಾಯಿ ಬರ್ತಿರಲಿಲ್ಲ?" ಅತ್ತೆ ಸೆಟೆದು ನಿಂತಳು. "ನಮ್ಮಣ್ಣ ಮೂಗ ಅಲ್ಲ!"

ಬೇಕರಿಯವನು ಬೆಪ್ಪಾದ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಮೂಗಣ್ಣ ಅಂತ ಅಲ್ವಾ ಎಲ್ಲರೂ... ಹಾಗಾದ್ರೆ ನಾನು ಸನ್ನೆ ಮಾಡಿದಾಗೆಲ್ಲ ಅವರೂ ಯಾಕೆ ಸನ್ನೆ ಮಾಡ್ತಿದ್ರು?"

ವಕೀಲರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಮಗಳಿಗೂ ನಗು ತಡೆಯಲಾಗಲಿಲ್ಲ. ಅಪ್ಪ ಕನ್ನಡಿಯ ಮುಂದೆ ನಿಂತು ಗಂಭೀರವಾಗಿ ಮಂಡಿ ನೋವನ್ನು ಅಭಿನಯಿಸುವುದು ಅವಳ ಕಣ್ಣಿಗೆ ಕಟ್ಟಿತು.

"ನಿಮಗೆ ಬೇಜಾರಾಗಬಾರದು ಅಂತ ಇರಬೇಕು," ಎಂದಳು. ಹಾಗೆನ್ನುವಾಗಲೇ ನಗು ಹೊರಟುಹೋಯಿತು. ದಾರಿಹೋಕ ಗಿರಾಕಿಗೆಂದು ಒಂದು ಭಾಷೆಯನ್ನೇ ಕಲಿತವನು ಮಗಳಿಗೆಂದು ಒಂದು ವಾಕ್ಯ ಕಲಿಯಲಿಲ್ಲವಲ್ಲ.

*

ಮಗಳಿಗೆ ಕೆಲಸ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಗಾಜಿನ ಗೂಡಿನೊಳಗೆ ಮೈಕ್ ಮುಂದೆ ಕೂತು, "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಎಂದು ಹೇಳುತ್ತಿರಬೇಕು. ದಿನವಿಡೀ ಮಾತು, ಯಾರೂ ಉತ್ತರ ಕೊಡದ ಮಾತು. ಮನೆಗೆ ಬಂದರೆ ಅಲ್ಲಿಯೂ ಅಷ್ಟೇ.

ಮೊದಲ ಸಂಬಳದಲ್ಲಿ ಅವಳು ಅಪ್ಪನ ಅಂಗಡಿಗೆ ಒಂದು ಬೆಂಚು ಮಾಡಿಸಿದಳು, ರೇಡಿಯೋ ತಂದಳು. "ಜನ ಬಂದು ಕೂತು ಹರಟೆ ಹೊಡೀಬೇಕಪ್ಪಾ. ನೀವೂ ನಾಲ್ಕು ಮಾತಾಡಿ. ಆಗ ಅದು ಅಂಗಡಿ ಥರ ಇರುತ್ತೆ," ಎಂದಳು. ಅಪ್ಪ ಬೇಡ ಎನ್ನಲಿಲ್ಲ. ಅವಳು ಹೇಳಿಕೊಟ್ಟ 'ಏನ್ ಬಿಸಿಲು ಅಲ್ವಾ' ಎಂಬುದನ್ನು ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದ ದಿನ ಅದನ್ನೇ ಒಬ್ಬ ಗಿರಾಕಿಗೆ ಒಪ್ಪಿಸಿದ. ಬೆಂಚಿನ ಮೇಲಿದ್ದ ಹೊಸ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಂದು ಸಂಜೆ ಅಪ್ಪ ಅಡುಗೆಮನೆಯಲ್ಲಿ ಹಣೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದ.

ಸ್ವಲ್ಪ ದಿನಕ್ಕೆ ತಳ್ಳುಗಾಡಿಯ ಮೇಲೆ ಬೆಂಚು ವಾಪಸ್ಸು ಬಂತು. ಅದರ ಮೇಲೆ ರೇಡಿಯೋ, ತಂದಾಗಿನ ಡಬ್ಬದಲ್ಲೇ ನೀಟಾಗಿ.

"ಯಾಕಪ್ಪಾ?"

"ಕೇಳ್ಸಲ್ಲ," ಎಂದ ಅಪ್ಪ.

"ಏನು ಕೇಳ್ಸಲ್ಲ? ನಾನು ಹೇಳಿದ್ದಾ?"

ಅಪ್ಪ ಅವಳನ್ನು ನೋಡಿದ. ತುಟಿ ಒಂದಿಷ್ಟು ಅಲುಗಿತು. ಆಮೇಲೆ ಬೆಂಚನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನಿನ್ನ ಮಾತು ನನಗೆ ಕೇಳಿಸುವುದೇ ಇಲ್ಲ, ನನ್ನ ಪಾಡಿಗೆ ನನ್ನನ್ನು ಬಿಡು ಎಂದಂತಾಯಿತು. ಅವಳು ಬೇರೆ ರೂಮು ಮಾಡಿಕೊಂಡಳು. ಬಿಡುವಾದಾಗ ಬಂದು ಅಪ್ಪನ ಎದುರು ಕೂತು, ಚಹಾ ಕುಡಿದು, ಎದ್ದು ಹೋಗುತ್ತಿದ್ದಳು. ಕೊನೆಗೆ ಆಸ್ಪತ್ರೆಯಲ್ಲೂ ಅಪ್ಪನ ಬಾಯಿಯನ್ನೇ ನೋಡುತ್ತಾ ಕಾದಳು. ತಾನು ಅವನಿಗೆ ಬೇಡವಾಗಿದ್ದೆನೇ ಎಂಬುದೊಂದು ಅವಳಿಗೆ ತಿಳಿಯಬೇಕಿತ್ತು. ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು, ಅಪ್ಪ ಹೋಗಿಬಿಟ್ಟ.

*

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ ನಿಮ್ಮ ಹತ್ರ?" ಮಗಳು ಬೇಕರಿಯವನನ್ನು ಕೇಳಿದಳು. ಎಲ್ಲರೆದುರು ಕೇಳಬಾರದಿತ್ತೇನೋ, ಆದರೆ ಕೇಳಿಯಾಗಿತ್ತು.

ಬೇಕರಿಯವನು ಯೋಚಿಸಿದ. "ಒಂದ್ಸಲ ನಾನೇ ಮಕ್ಕಳೆಷ್ಟು ಅಂತ ಕೇಳಿದ್ದೆ." ಹಾಗೆನ್ನುತ್ತಾ ಅವನ ಅಂಗೈ ನೆಲದಿಂದ ಒಂದು ಎತ್ತರಕ್ಕೆ ತಾನಾಗಿಯೇ ಹೋಯಿತು. "ಒಂದು ಬೆರಳು ತೋರಿಸಿದ್ರು. ಆಮೇಲೆ ಕಿಟಕಿ ಕಡೆ ಕೈ ಮಾಡಿ, ಹೀಗೆ ಕಿವಿ ಮುಟ್ಕೊಂಡ್ರು. ಅಯ್ಯೋ, ಮಗೂಗೂ ಕಿವಿ ಕೇಳಲ್ವಲ್ಲ ಅಂತ ನಾನು ತುಂಬಾ ನೊಂದ್ಕೊಂಡೆ. ಅವತ್ತು ಮನೆಗೆ ಒಂದು ಕೇಕು ಕಳಿಸಿದ್ದೆ."

ಡ್ರೈವರ್ ಬೆಂಚಿನಿಂದ ಮುಂದಕ್ಕೆ ಬಾಗಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ನೀವು ಕೂತ್ಕೊಳ್ಳಿ ಅಂದಾಗಿಂದ ಕೇಳಬೇಕು ಅಂತಿದ್ದೆ. ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋರು ನೀವೇ ಅಲ್ವಾ?"

"ಹೌದು."

"ಅದಕ್ಕೇ!" ಎಂದ ಡ್ರೈವರ್. "ಆ ಕಿಟಕಿನ ಅವರು ಎಷ್ಟು ಚಳಿ ಇದ್ರೂ ಮುಚ್ತಿರಲಿಲ್ಲ. ನಿಮ್ಮ ದನಿ ಬಂದ ತಕ್ಷಣ ಕತ್ತರಿ ನಿಲ್ತಿತ್ತು. ಮುಗಿಯೋವರೆಗೂ ಹಾಗೇ ನಿಂತಿರೋರು. ನಾನು ಡ್ರೈವರ್ ನೋಡಿ, ನನ್ನ ಬಸ್ಸಿನ ಹೊತ್ತಾಯ್ತೇನೋ ಅಂತ ನನಗೋಸ್ಕರ ನಿಲ್ಲಿಸ್ತಾರೆ ಅಂದ್ಕೊಂಡಿದ್ದೆ."

"ನನಗೂ ನಿಲ್ಲಿಸ್ತಿದ್ರು," ಎಂದರು ವಕೀಲರು ಮೆಲ್ಲಗೆ. "ನಾನು ಎಲ್ಲಿಗೂ ಹೋಗೋನಲ್ಲ."

"ನನಗೂ," ಎಂದ ಬೇಕರಿಯವನು. ಬೆಂಚಿನ ತುದಿಯಿಂದ ಇನ್ಯಾರೋ ಹೂಂ ಎಂದರು.

ಮಗಳು ಮಂಚದ ಅಂಚು ಹಿಡಿದುಕೊಂಡಳು. ರೇಡಿಯೋ ಹಾಡುತ್ತಿದ್ದರೆ, ಬೆಂಚಿನ ಮೇಲೆ ಜನ ಹರಟುತ್ತಿದ್ದರೆ ಅವಳ ದನಿ ಕೇಳಿಸುತ್ತಿರಲಿಲ್ಲ. ಕೇಳ್ಸಲ್ಲ ಎಂದರೆ ಅಷ್ಟೇ. ಅಪ್ಪ ಇನ್ನೆರಡು ಪದ ಸೇರಿಸಿದ್ದರೆ ಸಾಕಿತ್ತು. ಅವಳು ಇನ್ನೊಂದು ಸಲ ಕೇಳಿದ್ದರೂ ಸಾಕಿತ್ತು. ಆ ಗಾಜಿನ ಗೂಡಿನಲ್ಲಿ ಕೂತು ಎಷ್ಟು ಸಾವಿರ ಸಲ ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ ಎಂದಿದ್ದಳೋ. ಯಾವ ಪ್ರಯಾಣಿಕನೂ ತಲೆಯೆತ್ತುತ್ತಿರಲಿಲ್ಲ. ಒಂದೇ ಒಂದು ಸಲ 'ಅಪ್ಪಾ' ಎಂದಿದ್ದರೆ ಗೋಡೆಯಾಚೆ ಕೇಳಿಸುತ್ತಿತ್ತು.

ಅವಳು ಎದ್ದು ಒಳಗೆ ಹೋಗಿ, ಅಪ್ಪನ ಸಾಮಾನಿನ ಗಂಟನ್ನೂ ಒಂದು ಬಟ್ಟಲು ಬಿಸಿನೀರನ್ನೂ ತಂದಳು.

"ನಿನಗೆ ಬರುತ್ತೇನೇ?" ಎಂದಳು ಅತ್ತೆ.

"ನೋಡಿದ್ದೀನಿ."

ಅಪ್ಪನ ಕೊರಳ ಸುತ್ತ ಬಟ್ಟೆ ಕಟ್ಟಿದಳು. ಬ್ರಷ್ಷಿನಿಂದ ನೊರೆ ಎಬ್ಬಿಸಿ ಕೆನ್ನೆಗೆ ಹಚ್ಚಿದಳು. ತಣ್ಣಗಿನ ಚರ್ಮವನ್ನು ಹೆಬ್ಬೆರಳಿಂದ ಬಿಗಿಮಾಡಿ, ಕಿವಿಯ ಪಕ್ಕದಿಂದ ಕೆಳಕ್ಕೆ ರೇಜರ್ ಎಳೆದಳು. ಗರಗರ ಸದ್ದು ಕೋಣೆಗೆಲ್ಲ ಕೇಳಿಸಿತು. ಅತ್ತೆಯೂ ಸುಮ್ಮನಿದ್ದಳು. ಬೆಂಚಿನವರು ಕೈಗಳನ್ನು ತೊಡೆಯ ಮೇಲಿಟ್ಟು, ಕತ್ತು ನೆಟ್ಟಗೆ ಮಾಡಿ, ಕಣ್ಣು ಅರೆಮುಚ್ಚಿ ಕೂತಿದ್ದರು. ಒಂದು ಕಡೆ ಗದ್ದದ ಕೆಳಗೆ ಕೈ ತಪ್ಪಿ ಸ್ವಲ್ಪ ಗೀಚಿತು, ರಕ್ತ ಬರಲಿಲ್ಲ. ಅವಳಿಗೆ ಅಳು ಬಂದದ್ದು ಆಗ. ಅಳುತ್ತಲೇ ಇನ್ನೊಂದು ಕೆನ್ನೆ ಮುಗಿಸಿದಳು.

ಬೀದಿಯಲ್ಲಿ ವ್ಯಾನ್ ಬಂದು ನಿಂತ ಸದ್ದಾಯಿತು. ಅವಳು ಒದ್ದೆ ಬಟ್ಟೆಯಿಂದ ಅಪ್ಪನ ಮುಖ ಒರೆಸಿ, ತಲೆ ಬಾಚಿದಳು. ಪರಿಚಯದ ಮುಖ ವಾಪಸ್ಸು ಬಂದಿತ್ತು. ಏನಾದರೂ ಹೇಳಬೇಕೆನಿಸಿತು, ಮಾತು ಬರಲಿಲ್ಲ. ಬಾಚಣಿಗೆ ಹಿಡಿದ ಕೈ ಮಂಚದ ಮರದ ಅಂಚಿನ ಮೇಲೆ ಎರಡು ಸಲ ಬಡಿಯಿತು.

ಟಕ್, ಟಕ್.

ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ವಕೀಲರ ಕೈ, ಅಲ್ಲಿಲ್ಲದ ಬಟ್ಟೆಯನ್ನು ಬಿಚ್ಚಲು, ಅವರ ಕೊರಳಿಗೆ ಹೋಯಿತು.